ಇಟ್ಟಾಗ ಚೆನ್ನಾಗೇ ಇತ್ತು ಸಾರ್, ಈಗ ಎಷ್ಟು ಬರುತ್ತೆ?

ಹಳೇ ಟೇಪ್ ರೆಕಾರ್ಡರ್, ವಾಲ್ವ್ ರೇಡಿಯೊ, ವಿಸಿಆರ್ ಬಿಚ್ಚಿ ಜೋಡಿಸುವುದು ಗೊತ್ತಿರುವ ಯಾರನ್ನಾದರೂ ತುಮಕೂರಲ್ಲಿ ವಿಚಾರಿಸಿ ನೋಡಿ. ಅವರಿಗೆ ಬರುವ ಪ್ರಶ್ನೆ ಒಂದೇ. "ನಮ್ಮನೆ ಅಟ್ಟದಲ್ಲಿ ಅಪ್ಪನ ಕಾಲದ ಟೇಪ್ ರೆಕಾರ್ಡರ್ ಇದೆ ಸಾರ್. ಇಟ್ಟಾಗ ಚೆನ್ನಾಗೇ ಇತ್ತು. ಈಗ ಎಷ್ಟು ಬರುತ್ತೆ?" ಜೊತೆಗೆ ವಾಟ್ಸಾಪಿಗೆ ಒಂದು ಫೋಟೊ, ಮುಂಭಾಗದ್ದು ಮಾತ್ರ, ಧೂಳು ಒರೆಸಿ ತೆಗೆದದ್ದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹ ಕಳಿಸುತ್ತೇನೆ, ಓದಿಕೊಳ್ಳಲಿ.

ಸೀದಾ ಉತ್ತರ ಮೊದಲು. ಕೆಟ್ಟು ನಿಂತ ಟೂ ಇನ್ ಒನ್‌ಗೆ, ಅಂದರೆ ರೇಡಿಯೊ ಟೇಪ್ ರೆಕಾರ್ಡರ್ ಎರಡೂ ಸೇರಿದ ಸೆಟ್ಟಿಗೆ, ಗುಜರಿಯವನು ಕೆಜಿ ಲೆಕ್ಕದಲ್ಲಿ ಕೊಟ್ಟಷ್ಟು ಬರುತ್ತೆ. ಎಂಬತ್ತರ ದಶಕದಲ್ಲಿ ಬೀದಿಬೀದಿಯಲ್ಲಿದ್ದ ಸಾಮಾನು ಹಳೆಯದಾದ ಮಾತ್ರಕ್ಕೆ ಅಪರೂಪ ಆಗಿಬಿಡುವುದಿಲ್ಲ. ಆಸಕ್ತಿಯಿಂದ ಕೊಳ್ಳುವವನು ಮೊದಲು ನೋಡುವುದು ಹಿಂದಿನ ಮುಚ್ಚಳ ಇದೆಯಾ, ನಾಬುಗಳು ಅದರವೇನಾ, ಡಯಲ್ ಗಾಜು ಬಿರುಕು ಬಿಟ್ಟಿಲ್ಲವಾ ಅಂತ. ಒಳಗಿನ ಕೆಲಸ ಆಮೇಲಿನದು. ಕೆಪಾಸಿಟರಿನಂಥ ಒಳಗಿನ ಬಿಡಿಭಾಗ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಮರ್ಫಿ ರೇಡಿಯೊದ ಡಯಲ್ ಗಾಜು ಬೇಕೆಂದರೆ ಇನ್ನೊಂದು ಮರ್ಫಿ ರೇಡಿಯೊವನ್ನೇ ಹುಡುಕಬೇಕು. ಅಟ್ಟದಿಂದ ಇಳಿಸುವಾಗ ಅದನ್ನೇ ಒಡೆದು, ಮಿಕ್ಕಿದ್ದಕ್ಕೆ ಬೆಲೆ ಕೇಳುವವರಿಗೆ ಏನು ಹೇಳೋಣ.

ಇನ್ನು ರೆಡ್ ಮರ್ಕ್ಯುರಿ. ಬಾಗಿಲಿರುವ ಹಳೇ ಕಪ್ಪು-ಬಿಳುಪು ಟಿವಿಯಲ್ಲಿ, ವಾಲ್ವ್ ರೇಡಿಯೊದಲ್ಲಿ ಕೆಂಪು ಪಾದರಸದ ಪುಟ್ಟ ಶೀಶೆ ಇರುತ್ತೆ, ಲಕ್ಷಗಟ್ಟಲೆ ಕೊಡುತ್ತಾರೆ ಅನ್ನುವ ಸುದ್ದಿ ಕೆಲವು ವರ್ಷಗಳ ಹಿಂದೆ ವಾಟ್ಸಾಪಲ್ಲಿ ಹರಿದಾಡಿತು. ಈಗಲೂ ಕೇಳುವವರಿದ್ದಾರೆ. ಇಲ್ಲ. ಯಾವ ಟಿವಿಯಲ್ಲೂ ಇಲ್ಲ, ಯಾವ ರೇಡಿಯೊದಲ್ಲೂ ಇರಲಿಲ್ಲ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ಅದರ ಕೆಲಸ ಮಾಡುತ್ತಿದ್ದ, ಗಾಳಿ ತೆಗೆದ ಗಾಜಿನ ಬುರುಡೆ. ಅದರ ತಲೆಯಲ್ಲಿ ಥಳಥಳ ಹೊಳೆಯುವುದು ಬೇರಿಯಂ ಲೇಪ, ಒಳಗೆ ಉಳಿದ ಚೂರುಪಾರು ಗಾಳಿಯನ್ನು ಹೀರಿಕೊಳ್ಳಲಿ ಅಂತ ಇಟ್ಟಿದ್ದು. ಅದು ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವ್ ಸತ್ತಿದೆ. ಪಾದರಸದ ಆಸೆಗೆ ಟಿವಿ ಬಿಚ್ಚಲು ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ನಿಂತಿರಬಹುದು, ಅದರ ಕತ್ತು ಮುರಿದರೆ ಗಾಜು ಸಿಡಿಯಬಹುದು.

ಬೆಲೆ ಕೇಳಿದ್ದಕ್ಕೆ ನನಗೆ ಕೋಪವಿಲ್ಲ. ರೇಗುವುದು "ಇಟ್ಟಾಗ ಚೆನ್ನಾಗೇ ಇತ್ತು" ಅನ್ನುವ ಮಾತಿಗೆ. ಇಟ್ಟಿದ್ದು ಇಪ್ಪತ್ತೈದು ವರ್ಷದ ಹಿಂದೆ. ಮೇಲೆ ತಗಡಿನ ಶೀಟು, ಕೆಳಗೆ ಏಪ್ರಿಲ್ ಕಾವು, ಪಕ್ಕದಲ್ಲಿ ಹುಣಸೆಹಣ್ಣಿನ ಮಡಕೆ, ಒಳಗೆ ಇಲಿಯ ಸಂಸಾರ. ಓಡಿಸದೆ ಇಟ್ಟರೆ ಸವೆಯುವುದಿಲ್ಲವಲ್ಲ ಅನ್ನುವುದು ಇವರ ಲೆಕ್ಕ. ಈ ಯಂತ್ರಗಳು ಓಡಿ ಕೆಟ್ಟಿದ್ದಕ್ಕಿಂತ ಕೂತು ಕೆಟ್ಟಿದ್ದೇ ಜಾಸ್ತಿ. ಏನೇನು ಕೆಡುತ್ತದೆ ಕೇಳಿ.

ಮೊದಲು ಸೆಲ್ಲು. ಕರೆಂಟ್ ಹೋದಾಗ ಬೇಕಾಗುತ್ತೆ ಅಂತ ಹಾಕಿದ್ದ ದಪ್ಪ ಟಾರ್ಚ್ ಸೆಲ್ಲುಗಳನ್ನು ಯಾರೂ ತೆಗೆದಿರುವುದಿಲ್ಲ. ಅವು ಸೋರಿ ಸ್ಪ್ರಿಂಗು, ತಂತಿ, ಕೆಲವು ಸಲ ಬೋರ್ಡಿನ ತಾಮ್ರವನ್ನೂ ತಿಂದಿರುತ್ತವೆ. ನಮ್ಮಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಜಿಂಕ್-ಕಾರ್ಬನ್ ಸೆಲ್ಲಿನ ಸೋರಿಕೆ ಆಮ್ಲದ ಗುಣದ್ದು. ಅಡುಗೆ ಸೋಡಾ ಕದಡಿದ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಬೇಕು. ಆಲ್ಕಲೈನ್ ಸೆಲ್ಲಾಗಿದ್ದರೆ ಉಲ್ಟಾ, ವಿನೆಗರ್ ಬೇಕು. ಆಮೇಲೆ ಒದ್ದೆ ಬಟ್ಟೆ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್.

ಎರಡನೆಯದು ಬೆಲ್ಟು, ಮೋಟಾರಿನಿಂದ ಚಕ್ರಗಳನ್ನು ತಿರುಗಿಸುವ ರಬ್ಬರ್ ಪಟ್ಟಿ. ಕೆಲವು ರಬ್ಬರ್ ಬೆಲ್ಟು ಗಟ್ಟಿಯಾಗಿ ಸಡಿಲಗೊಳ್ಳುತ್ತವೆ, ಕೆಲವು ಕರಗಿ ಹಲಸಿನ ಮೇಣದಂತೆ ಪುಲ್ಲಿಗೆ ಅಂಟಿಕೊಂಡಿರುತ್ತವೆ. ಹಲಸಿನ ಮೇಣಕ್ಕಾದರೆ ಕೊಬ್ಬರಿ ಎಣ್ಣೆ ನಡೆಯುತ್ತೆ. ಇಲ್ಲಿ ಎಣ್ಣೆ ಮುಟ್ಟಿಸಿದಿರೋ, ಹಾಕಿದ ಹೊಸ ಬೆಲ್ಟ್ ಜಾರುತ್ತದೆ. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ, ತಾಳ್ಮೆ, ಬೇರೆ ದಾರಿಯಿಲ್ಲ. ಹೊಸ ಬೆಲ್ಟಿನ ಅಳತೆಗೆ ಕರಗಿದ ಬೆಲ್ಟ್ ಇಟ್ಟುಕೊಂಡು ಅಂಗಡಿಗೆ ಹೋಗಬೇಡಿ. ಮೋಟಾರ್ ಪುಲ್ಲಿ ಮತ್ತು ಫ್ಲೈವ್ಹೀಲ್ ಸುತ್ತ, ಬೆಲ್ಟ್ ಹೋಗುವ ದಾರಿಯಲ್ಲೇ ಒಂದು ದಾರ ಸುತ್ತಿ ಅಳೆದು, ಅದರಲ್ಲಿ ಸುಮಾರು 5 ಶೇಕಡಾ ಕಳೆಯಿರಿ. ದಾರ 200 ಮಿ.ಮೀ. ಬಂದರೆ ಬೆಲ್ಟಿನ ಸುತ್ತಳತೆ 190. ಇನ್ನೂ ಬಿಗಿ ಇದ್ದರೆ ಒಳ್ಳೆಯದು ಅಂತ 170ರದ್ದು ಹಾಕಿದರೆ ಮೋಟಾರಿನ ಬುಷ್, ಅಂದರೆ ಅಕ್ಷ ಕೂರುವ ಬಳೆ, ಒಂದೇ ಕಡೆ ಸವೆಯುತ್ತದೆ, ವೇಗವೂ ಬೀಳುತ್ತದೆ. ಸಡಿಲವಾದರೆ ಹಾಡು ಅಲೆದಾಡುತ್ತದೆ.

"ನಮ್ಮ ಟೇಪ್ ರೆಕಾರ್ಡರ್ ಕ್ಯಾಸೆಟ್ ತಿನ್ನುತ್ತೆ" ಅನ್ನುವ ದೂರು ಇದೆಯಲ್ಲ, ಅದರ ಕಾರಣವನ್ನು ಹತ್ತರಲ್ಲಿ ಒಂಬತ್ತು ಮಂದಿ ಕ್ಯಾಸೆಟ್ಟಿನ ಮೇಲೆ ಹಾಕುತ್ತಾರೆ. ಕ್ಯಾಪ್‌ಸ್ಟನ್ ಅನ್ನುವ ಸಣ್ಣ ಉಕ್ಕಿನ ಕಡ್ಡಿ ಮತ್ತು ಪಿಂಚ್ ರೋಲರ್ ಅನ್ನುವ ರಬ್ಬರ್ ಚಕ್ರ ಸೇರಿ ಟೇಪನ್ನು ಎಳೆದು ಮುಂದಕ್ಕೆ ಬಿಡುತ್ತವೆ. ಬಿಟ್ಟಿದ್ದನ್ನು ಬಲಗಡೆಯ ರೀಲು ಆಗಿಂದಾಗಲೇ ಸುತ್ತಿಕೊಳ್ಳಬೇಕು. ಅದಕ್ಕೆ ಬೇಕಾದ ತಿರುಚು ಬಲ ಸಾಮಾನ್ಯವಾಗಿ 30ರಿಂದ 60 ಗ್ರಾಂ-ಸೆಂಟಿಮೀಟರ್. ರೀಲು ತಿರುಗಿಸುವ ಐಡ್ಲರ್ ಚಕ್ರದ ರಬ್ಬರ್ ನುಣುಪಾಗಿ ಜಾರತೊಡಗಿದರೆ ಬಲ ಕಡಿಮೆಯಾಗುತ್ತದೆ, ಬಿಟ್ಟ ಟೇಪು ಎಲ್ಲಿಗೂ ಹೋಗಲಾರದೆ ಪಿಂಚ್ ರೋಲರಿಗೇ ಸುತ್ತಿಕೊಳ್ಳುತ್ತದೆ. ಸೈಡಿನ ಮೊದಲಲ್ಲಿ ಚೆನ್ನಾಗಿ ಓಡಿ ಕೊನೆಗೆ ಬಂದಾಗ ತಿನ್ನುವುದೂ ಇದರಿಂದಲೇ. ಸುತ್ತು ದಪ್ಪವಾದಷ್ಟೂ ಅದೇ ತಿರುಚು ಬಲಕ್ಕೆ ಟೇಪಿನ ಮೇಲಿನ ಎಳೆತ ಕಮ್ಮಿಯಾಗುತ್ತದೆ. ಐಡ್ಲರಿನ ರಬ್ಬರನ್ನು ನಯವಾದ ಸ್ಯಾಂಡ್ ಪೇಪರಿನಲ್ಲಿ ಹಗುರವಾಗಿ ಉಜ್ಜಿದರೆ ಸ್ವಲ್ಪ ದಿನ ನಡೆಯುತ್ತದೆ. ಸರಿಯಾದ ರಿಪೇರಿ ಅಂದರೆ ಟೈರ್ ಬದಲಾಯಿಸುವುದೇ.

ವಾಲ್ವ್ ರೇಡಿಯೊದವರಿಗೆ ಒಂದೇ ಮಾತು, ಪ್ಲಗ್ಗಿಗೆ ಹಾಕಬೇಡಿ. "ಒಂದ್ಸಲ ಹಾಕಿ ನೋಡಿದೆ ಸಾರ್, ಹೊಗೆ ಬಂತು, ತೆಗೆದುಬಿಟ್ಟೆ" ಅಂತ ಹೇಳಿದ ಮೇಲೆ ನಾನು ಹೇಳುವುದೇನೂ ಉಳಿದಿರುವುದಿಲ್ಲ. ಸ್ಪೀಕರಿಗೆ ಸದ್ದು ಕಳಿಸುವ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಸದ್ದು ಒಳಹೋಗುವ ತುದಿಗೆ) ಹೋಗುವ ಕಾಗದದ ಕೆಪಾಸಿಟರ್, ಸಾಮಾನ್ಯವಾಗಿ 0.01 ಮೈಕ್ರೊಫ್ಯಾರಡ್‌ನದು, ಇಷ್ಟು ವರ್ಷದಲ್ಲಿ ತಡೆಯಬೇಕಾದ ಕರೆಂಟನ್ನು ಸೋರಿಸತೊಡಗಿರುತ್ತದೆ. ಹಾಗೆ ಸೋರಿದರೆ ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಅದರ ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಪುಡಿಗಾಸಿನ ಕೆಪಾಸಿಟರನ್ನು ಮೊದಲೇ 630 ವೋಲ್ಟಿನ ಪಾಲಿಯೆಸ್ಟರ್ ಒಂದಕ್ಕೆ ಬದಲಿಸಿದ್ದರೆ ಟ್ರಾನ್ಸ್‌ಫಾರ್ಮರ್ ಉಳಿಯುತ್ತಿತ್ತು. ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಬಲ್ಬಿನ ಮೂಲಕ, ಅಂದರೆ ಸೆಟ್ಟಿಗೆ ಹೋಗುವ ಒಂದು ತಂತಿಯ ನಡುವೆ ಸೇರಿಸಿದ ಬಲ್ಬು. ಅದೂ ತಂತಿ ಬಲ್ಬು, 100 ವ್ಯಾಟಿನದು. ಎಲ್‌ಇಡಿ ಬಲ್ಬು ಹಾಕಿ ಸೀರೀಸ್ ಮಾಡಿದೆ ಅನ್ನುವವರೂ ಇದ್ದಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬಲ್ಬು ಜೋರಾಗಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ವಾಲ್ವುಗಳ ಮೇಲೆ ಯುಸಿಎಚ್, ಯುಸಿಎಲ್ ಅಂತ ಯು ಅಕ್ಷರದಿಂದ ಶುರುವಾಗುವ ನಂಬರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ ಇರುವ ಸಂಭವ ಹೆಚ್ಚು. ಅದರ ಚಾಸಿಯಲ್ಲೇ, ಅಂದರೆ ಒಳಗಿನ ತಗಡಿನ ಚೌಕಟ್ಟಿನಲ್ಲೇ, ಪ್ಲಗ್ಗಿನ ಕರೆಂಟ್ ನೇರವಾಗಿ ಇರಬಹುದು, ಕೈ ಹಾಕಬೇಡಿ. ಹೊರದೇಶದಿಂದ ತಂದ ಸೆಟ್ಟಾದರೆ ಹಿಂದೆ ವೋಲ್ಟೇಜ್ ಸ್ವಿಚ್ 110ರಲ್ಲಿದೆಯೋ 220ರಲ್ಲಿದೆಯೋ ನೋಡಿಕೊಳ್ಳಿ. ಇಲಿ ಓಡಾಡಿದ ಅಟ್ಟದಲ್ಲಿ ಅದು ಎಲ್ಲಿ ಬೇಕಾದರೂ ಇರಬಹುದು.

ಇಷ್ಟು ವರ್ಷದಲ್ಲಿ ಯಾರಾದರೂ ಒಬ್ಬರು ಆ ಟೇಪ್ ರೆಕಾರ್ಡರಿನ ಪಕ್ಕದಲ್ಲಿರುವ ರಟ್ಟಿನ ಡಬ್ಬದ ಬಗ್ಗೆ ಕೇಳಬಾರದೇ? ಪೆನ್ಸಿಲ್ಲು ಮತ್ತು ಕ್ಯಾಸೆಟ್ಟಿನ ಫೋಟೊ ಹಾಕಿ "ಇವೆರಡರ ಸಂಬಂಧ ಗೊತ್ತಿರೋರು ಲೈಕ್ ಮಾಡಿ" ಅನ್ನುವ ಉತ್ಸಾಹ ಎಲ್ಲರಿಗೂ ಇದೆ. ಡಬ್ಬದಲ್ಲಿರುವ ಕ್ಯಾಸೆಟ್ಟುಗಳಲ್ಲಿ ಏನಿದೆ ಅಂತ ನೋಡಿದವರಿಲ್ಲ. ಸಿನಿಮಾ ಹಾಡಿನ ಕ್ಯಾಸೆಟ್ಟಾದರೆ ಬಿಡಿ, ಅವು ಬೇರೆ ಕಡೆ ಸಿಗುತ್ತವೆ. ಬಾಲ್ ಪೆನ್ನಿನಲ್ಲಿ "ರಾಮನವಮಿ ಹರಿಕಥೆ", "ಅಜ್ಜಿ ಸೋಬಾನೆ", "ಶಿರಾ ಜುಂಜಪ್ಪ" ಅಂತ ಬರೆದಿರುತ್ತದಲ್ಲ, ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಕಾಡುಗೊಲ್ಲರ ದೈವ ಜುಂಜಪ್ಪನ ಕಾವ್ಯವನ್ನು ಗಣೆ ಎಂಬ ಬಿದಿರಿನ ಕೊಳಲು ಊದುತ್ತಾ ಹಾಡಿದ ಮನುಷ್ಯ ಈಗ ಇಲ್ಲದಿದ್ದರೆ, ಆ ದನಿ ಇರುವುದು 3.81 ಮಿ.ಮೀ. ಅಗಲದ ಆ ಪಟ್ಟಿಯ ಮೇಲೆ ಮಾತ್ರ. ಯಾರಾದರೂ ಇದನ್ನು ಉಳಿಸುವುದು ಹೇಗೆ ಅಂತ ಕೇಳಿದ್ದರೆ ಕೂರಿಸಿ ಕಾಫಿ ಕೊಟ್ಟು ಹೇಳುತ್ತಿದ್ದೆ. ಕೇಳದಿದ್ದರೂ ಹೇಳುತ್ತೇನೆ.

ಅಟ್ಟದ ಯಂತ್ರಕ್ಕೆ ಆ ಕ್ಯಾಸೆಟ್ ಹಾಕಬೇಡಿ. ಮೊದಲು ಬೇಡದ ಕ್ಯಾಸೆಟ್ ಹಾಕಿ ಎರಡೂ ಸೈಡು ಪೂರ್ತಿ ಓಡಿಸಿ ನೋಡಿ. ಬೇಕಾದ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿಯಿರಿ, ಅಕಸ್ಮಾತ್ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಟೇಪಿನಿಂದ ಸದ್ದು ಓದುವ ಹೆಡ್ಡಿನ ಜಾಗದಲ್ಲಿ ಟೇಪಿನ ಹಿಂದೆ ಸಣ್ಣ ಉಣ್ಣೆಯ ಪ್ಯಾಡ್ ಇರಬೇಕು. ಅದರ ಅಂಟು ಒಣಗಿ ಉದುರಿದ್ದರೆ ಸದ್ದು ಮಂಕಾಗುತ್ತದೆ, ಬಂದುಹೋಗುತ್ತದೆ. ಆಗ ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಬೇಕು. ಓಡಿಸುವ ಮೊದಲು ಒಂದು ಸಲ ಕೊನೆತನಕ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿಕೊಂಡ ಪದರ ಬಿಡುತ್ತದೆ. 120 ನಿಮಿಷದ ಕ್ಯಾಸೆಟ್ಟಾದರೆ ವೇಗವಾಗಿ ಸುತ್ತುವುದೂ ಬೇಡ. ಅದರ ಟೇಪು 9 ಮೈಕ್ರಾನ್ ದಪ್ಪ, 60 ನಿಮಿಷದ್ದರಲ್ಲಿ ಅರ್ಧ.

ಹೆಡ್ಡು ಒರೆಸಿದ ಮೇಲೂ ಗಣೆಯ ಸದ್ದು ಕಂಬಳಿ ಹೊದ್ದಂತೆ ಬರುತ್ತಿದ್ದರೆ ಅಜಿಮತ್, ಅಂದರೆ ಟೇಪಿಗೆ ಹೆಡ್ಡು ನಿಂತ ಕೋನ, ನೋಡಿ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಹೋಗುತ್ತದೆ, 1963ರಲ್ಲಿ ಫಿಲಿಪ್ಸ್ ಈ ಕ್ಯಾಸೆಟ್ ತಂದಾಗಿನಿಂದ ಅದೇ ವೇಗ. ಆ ಲೆಕ್ಕದಲ್ಲಿ 10,000 ಹರ್ಟ್ಜ್ ಸದ್ದಿನ ಒಂದು ಅಲೆ ಟೇಪಿನ ಮೇಲೆ 5 ಮೈಕ್ರಾನ್ ಕೂಡ ಇರುವುದಿಲ್ಲ. ರೆಕಾರ್ಡ್ ಮಾಡಿದ ಹೆಡ್ಡಿಗೂ ಈಗ ಓದುತ್ತಿರುವ ಹೆಡ್ಡಿಗೂ ಕೂದಲೆಳೆಯಷ್ಟು ಓರೆ ಇದ್ದರೆ ಸಾಕು, ಮೇಲಿನ ಸ್ವರಗಳೆಲ್ಲ ಮಾಯ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ ಅದಕ್ಕೇ ಇರುವುದು. ಎರಡು ಚಾನೆಲ್ ಸೇರಿಸಿ ಮೋನೊದಲ್ಲಿ ಕೇಳುತ್ತಾ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಸಕಾರ ಶಕಾರ ಅತ್ಯಂತ ಸ್ಪಷ್ಟವಾದಲ್ಲಿ ನಿಲ್ಲಿಸಿ. ಇದನ್ನು ಒಂದೊಂದು ಕ್ಯಾಸೆಟ್ಟಿಗೂ ಬೇರೆ ಬೇರೆ ಮಾಡಬೇಕು, ಏಕೆಂದರೆ ಒಂದೊಂದನ್ನೂ ರೆಕಾರ್ಡ್ ಮಾಡಿದ ಯಂತ್ರ ಬೇರೆ. ವೇಗ ಸರಿಯಿದೆಯೇ ಅಂತ ತಿಳಿಯಲು ಸಿನಿಮಾ ಹಾಡಿನ ಕ್ಯಾಸೆಟ್ ಈಗ ಉಪಯೋಗಕ್ಕೆ ಬರುತ್ತದೆ. 5 ನಿಮಿಷದ ಹಾಡು 9 ಸೆಕೆಂಡ್ ಮೊದಲೇ ಮುಗಿದರೆ 3 ಶೇಕಡಾ ವೇಗ ಹೆಚ್ಚು, ಶ್ರುತಿ ಅರ್ಧ ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರದ ಅರ್ಧ) ಮೇಲೆ. ಅನೇಕ ಮೋಟಾರುಗಳ ಹಿಂದಿನ ತೂತಿನೊಳಗೆ ಸ್ಕ್ರೂಡ್ರೈವರಿನಲ್ಲಿ ತಿರುಗಿಸುವ ಪುಟ್ಟ ಪ್ರಿಸೆಟ್ ಇರುತ್ತದೆ, ಅದರಲ್ಲೇ ಸರಿಮಾಡಬಹುದು.

ಕಂಪ್ಯೂಟರಿಗೆ ತುಂಬುವಾಗ ಲ್ಯಾಪ್‌ಟಾಪಿನ ಮೈಕ್ ತೂತು ಬೇಡ, ಅದು ಸಾಮಾನ್ಯವಾಗಿ ಮೋನೊ, ಗೊರಗೊರ ಸದ್ದು ಬೇರೆ. ಲೈನ್ ಇನ್ ಇರುವ ಸಾಧಾರಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಸಾಕು. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿ ಉಚಿತ. 48 ಕಿಲೊಹರ್ಟ್ಜ್, 24 ಬಿಟ್, ವೇವ್ ಫೈಲು, ಗಂಟೆಗೆ ಸುಮಾರು 1 ಜಿಬಿ. ಜೋರು ಸದ್ದಿನಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ನಾಯ್ಸ್ ರಿಡಕ್ಷನ್ ಒತ್ತುವ ಚಪಲ ಈಗ ಬೇಡ, ಮೂಲ ಫೈಲನ್ನು ಹಾಗೇ ಇಟ್ಟು ಬೇಕಾದರೆ ಪ್ರತಿಯ ಮೇಲೆ ಆಟ ಆಡಿ. ಮನೆಮಂದಿಗೆ ವಾಟ್ಸಾಪಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಮದುವೆಯ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನದು ಬೇರೆಯೇ ಕಥೆ, ಅದಕ್ಕೆ ಇನ್ನೊಂದು ದಿನ ಬರೆಯಬೇಕು. ಅಲ್ಲಿಯವರೆಗೆ ಇಷ್ಟು ಮಾಡಿ. ಕಿಟಕಿಯಲ್ಲಿ ಕಾಣುವ ಟೇಪಿನ ಸುತ್ತಿನ ಮೇಲೆ ಬಿಳಿ ಚುಕ್ಕೆ ಇದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಇದ್ದರೆ ಅದು ಬೂಷ್ಟು. ಅದನ್ನು ವಿಸಿಆರಿಗೆ ಹಾಕಿದರೆ ನಿಮಿಷಕ್ಕೆ 1,500 ಸುತ್ತು ತಿರುಗುವ ಹೆಡ್ ಡ್ರಮ್ಮಿಗೆ ಮೆತ್ತಿಕೊಂಡು, ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಹೊಸ ವಿಸಿಆರ್ ತಯಾರಿಕೆ 2016ರಲ್ಲೇ ನಿಂತಿದೆ, ಇರುವುದನ್ನು ಕೆಡಿಸಿಕೊಳ್ಳಬೇಡಿ. ಬೂಷ್ಟು ಹಿಡಿದದ್ದನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಒಳ್ಳೆಯವನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಪಕ್ಕವಲ್ಲದ, ಅಟ್ಟದ ಕಾವು ತಟ್ಟದ ಒಣ ಜಾಗದಲ್ಲಿ.