‘ಸ್ಕೋಪ್ ಇದೆಯಾ ಸಾರ್?’

ಇದೆ. ಸಾಕಾ?

ಇಷ್ಟಕ್ಕೇ ಬಿಟ್ಟರೆ ಸೊಕ್ಕು ಅಂತೀರಿ. ನನ್ನ ಕೆಲಸ ಲೋಹದಲ್ಲಿ ಬಿರುಕು ಹೇಗೆ ಬೆಳೆಯುತ್ತದೆ ಅಂತ ನೋಡುವುದು. ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಅನ್ನುತ್ತಾರೆ. ಎಳೆದರೆ, ಬಗ್ಗಿಸಿದರೆ, ತಿರುಚಿದರೆ ವಸ್ತುವಿಗೆ ಏನಾಗುತ್ತದೆ ಅನ್ನುವ ವಿಷಯ. ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಕೂತಾಗಲೂ ಕೇಳಿದ್ದಾರೆ: ‘ಇದರಲ್ಲಿ ಪಿಎಚ್‌ಡಿ ಮಾಡಿದ್ರೆ ಸ್ಕೋಪ್ ಇದೆಯಾ?’

ಸ್ಕೋಪ್ ಅಂದರೆ ಸಂಬಳ. ಹಾಗಂತಲೇ ಕೇಳಿ, ಹೇಳುತ್ತೇನೆ. 2023ರಿಂದ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದ ಮೇಲೆ 42,000. ಐದಾರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಜೊತೆಗೆ ಓದಿದವರು ಫ್ಲ್ಯಾಟ್ ಕೊಂಡಿರುತ್ತಾರೆ, ಗೃಹಪ್ರವೇಶಕ್ಕೆ ನಿಮ್ಮನ್ನೂ ಕರೆಯುತ್ತಾರೆ. ಗೇಟ್ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ಪಿಎಚ್‌ಡಿ ಇಂಟರ್‌ವ್ಯೂ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ. ಒಳಗೆ ಬೋರ್ಡಿನ ಮೇಲೆ ಒಂದು ಬೀಮ್ ಬರೆದು, ಎಲ್ಲಿ ಮುರಿಯುತ್ತೆ ಹೇಳು ಅನ್ನುತ್ತಾರೆ. ಜರ್ಮನಿಯಲ್ಲಾದರೆ ಪಿಎಚ್‌ಡಿ ಮಾಡುವವರನ್ನು ಹೆಚ್ಚಾಗಿ ನೌಕರಿ ಅಂತಲೇ ತೆಗೆದುಕೊಳ್ಳುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ ಓದಿ ಸಂಶೋಧನೆ ಮಾಡಲು ಐಐಎಸ್‌ಸಿ, ವಿಮಾನದ ಸಂಶೋಧನೆಗೆ ಎನ್‌ಎಎಲ್, ವಿಮಾನ ಕಟ್ಟಲು ಎಚ್‌ಎಎಲ್, ಮೂರೂ ಇವೆ. ವಿಮಾನಗಳು ಹಾರುತ್ತಿರುವಷ್ಟು ಕಾಲವೂ ಅದರ ರೆಕ್ಕೆಗೆ ಎಷ್ಟು ಆಯಸ್ಸು ಅಂತ ಲೆಕ್ಕ ಹಾಕುವವರು ಬೇಕೇ ಬೇಕು. ಪ್ರೊಫೆಸರ್‌ಗೆ ಮೇಲ್ ಬರೆಯುವಾಗ ಮಾತ್ರ ಅವರ ಒಂದು ಪೇಪರ್ ಓದಿಕೊಂಡು ಬರೆಯಿರಿ. ನಲವತ್ತು ಜನಕ್ಕೆ ಒಂದೇ ಪತ್ರ ಕಳಿಸಿದರೆ ಗೊತ್ತಾಗುತ್ತದೆ. ಪಕ್ಕದ ಕೋಣೆಯವರಿಗೂ ಅದೇ ಬಂದಿರುತ್ತದೆ.

ಆಯ್ತಲ್ಲ? ಈಗ ನನ್ನ ಮಾತು.

ಹೋದ ವರ್ಷ ಒಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಮೆಕ್ಯಾನಿಕಲ್, ಆರನೇ ಸೆಮಿಸ್ಟರ್. ಮಾರ್ಕ್ಸ್ ಕಾರ್ಡುಗಳಿಗೆ ಜೆಮ್ ಕ್ಲಿಪ್ ಹಾಕಿ ತಂದಿದ್ದರು. ಮಾತೆಲ್ಲ ಅಪ್ಪನದೇ. ಹುಡುಗ ಕ್ಲಿಪ್ ಬಿಚ್ಚಿ, ನೆಟ್ಟಗೆ ಮಾಡಿ, ಆ ಕಡೆ ಈ ಕಡೆ ಬಗ್ಗಿಸುತ್ತಾ ಕೂತಿದ್ದ. ಅಪ್ಪ ನಾಲ್ಕನೇ ಸಲ ಸ್ಕೋಪ್ ಅನ್ನುವ ಹೊತ್ತಿಗೆ ಅದು ಟಕ್ ಅಂತ ಮುರಿಯಿತು.

‘ಸುಮ್ನಿರೋ!’ ಅಂದರು ಅಪ್ಪ.

ಹುಡುಗ ನನ್ನ ಮುಖ ನೋಡಿದ. ‘ಸಾರ್, ಒಂಬತ್ತು ಸಲ ಒಂದೇ ತರ ಬಗ್ಗಿಸಿದೆ. ಮೊದಲನೇ ಸಲ ಯಾಕೆ ಮುರೀಲಿಲ್ಲ?’

ನನಗೆ ಕಾಫಿ ಮರೆತುಹೋಯಿತು. ಇದನ್ನು ಕೇಳಿ ಅಂತಲೇ ಅಲ್ವಾ ನಾನು ಇಷ್ಟು ವರ್ಷ ಕಾಯುತ್ತಿದ್ದದ್ದು! ಬಗ್ಗಿಸಿದಾಗ ಲೋಹದ ಒಳಗಿನ ಪದರಗಳು ಒಂದರ ಮೇಲೊಂದು ಜಾರುತ್ತವೆ. ವಾಪಸ್ ಬಗ್ಗಿಸಿದರೆ ಹೊರಟ ಜಾಗಕ್ಕೇ ಸರಿಯಾಗಿ ಬಂದು ಕೂರುವುದಿಲ್ಲ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಮೆಟ್ಟಿಲು ಏಳುತ್ತದೆ, ಅಲ್ಲಿಂದ ಬಿರುಕು ಹೊರಡುತ್ತದೆ. 1954ರಲ್ಲಿ ಕಾಮೆಟ್ ಅನ್ನುವ ಎರಡು ಪ್ರಯಾಣಿಕರ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ನೀರು ತುಂಬಿ, ಹಾರಾಟದಲ್ಲಿ ಆಗುವ ಹಾಗೇ ಒತ್ತಡ ಮತ್ತೆ ಮತ್ತೆ ಏರಿಸಿ ಇಳಿಸಿದರು. ಒಮ್ಮೆ ಏರಿ ಇಳಿದರೆ ಒಂದು ಸುತ್ತು. ಹಿಂದೆ ಹಾರಿದ್ದೂ ಸೇರಿ ಸುಮಾರು 3,000 ಸುತ್ತು ಆಗುವ ಹೊತ್ತಿಗೆ ಅದರ ಮೈ ಸೀಳಿತು. ಕ್ಲಿಪ್‌ಗೆ ಒಂಬತ್ತು, ಕಾಮೆಟ್‌ಗೆ ಮೂರು ಸಾವಿರ.

ನನ್ನ ಲ್ಯಾಬಿನ ಕಥೆಯನ್ನೂ ಅವನಿಗೆ ಹೇಳಿದೆ. ಅಂಗೈಯಷ್ಟು ಅಲ್ಯುಮಿನಿಯಂ ತುಂಡು, ಎರಡು ತೂತು, ನಡುವೆ ಒಂದು ಸೀಳು. ಮಷಿನ್ ಅದನ್ನು ಸೆಕೆಂಡಿಗೆ ಹತ್ತು ಸಲ ಜಗ್ಗುತ್ತದೆ. ಹತ್ತು ಲಕ್ಷ ಸುತ್ತು ಮುಗಿಯಲು ಹತ್ತಿರ ಹತ್ತಿರ 28 ಗಂಟೆ. ಇಪ್ಪತ್ತನೇ ಗಂಟೆಯಲ್ಲಿ ಕರೆಂಟ್ ಹೋಯಿತು. ಹೋಗುವಾಗ ಮಷಿನ್ ಒಮ್ಮೆ ಜೋರಾಗಿ ಎಳೆದೇ ಹೋಯಿತು. ಅಷ್ಟು ಎಳೆದ ಮೇಲೆ ಬಿರುಕು ಓಡಬೇಕು ಅಲ್ವಾ? ಉಲ್ಟಾ. ಕರೆಂಟ್ ಬಂದು ಮತ್ತೆ ಜಗ್ಗಿದರೂ ನಿದ್ದೆ ಮಾಡಿತು. ಬಿರುಕಿನ ತುದಿಯ ಮುಂದೆ ಲೋಹ ಹಿಗ್ಗಿ ಹಾಗೇ ಉಳಿದಿತ್ತು, ಸುತ್ತಲಿನ ಲೋಹ ಅದನ್ನು ಅಮುಕಿ ಹಿಡಿದಿತ್ತು. ಆ ಡೇಟಾ ಕಸದ ಬುಟ್ಟಿಗೆ ಹೋಯಿತು. ಆದರೆ ಪುಸ್ತಕದಲ್ಲಿ ಓದಿ ದಾಟಿ ಹೋಗಿದ್ದ ಒಂದು ಪುಟ ಅವತ್ತು ಬೆಳಗಿನ ಜಾವ ಮೂರು ಗಂಟೆಗೆ ನನ್ನ ಕಣ್ಣೆದುರು ನಡೆದಿತ್ತು. ಇದಕ್ಕೆ ಸ್ಕೋಪ್ ಎಷ್ಟು ಅಂತ ಯಾವ ಸಂಬಳದ ಸ್ಲಿಪ್ಪಿನಲ್ಲಿ ತೋರಿಸಲಿ?

ಅಪ್ಪ ಗಡಿಯಾರ ನೋಡಿದರು. ಕ್ಲಿಪ್ ಇಲ್ಲದ ಮಾರ್ಕ್ಸ್ ಕಾರ್ಡುಗಳನ್ನು ಜೋಡಿಸಿಕೊಂಡು ಎದ್ದರು. ಹೋಗುವಾಗ ಮೆಟ್ಟಿಲ ಮೇಲೆ, ‘ಹಾಗಾದ್ರೆ ಸಾಫ್ಟ್‌ವೇರೇ ವಾಸಿ ಅಂತೀರಾ?’ ಅಂತ ಕೇಳಿದರು. ಇರಬಹುದು ಅಂದೆ. ಇನ್ನೇನು ಅನ್ನಲಿ.

ಹದಿನೈದು ದಿನ ಆದ ಮೇಲೆ ಹುಡುಗನಿಂದ ಒಂದು ಮೆಸೇಜು. ನಮಸ್ಕಾರ ಗಿಮಸ್ಕಾರ ಏನಿಲ್ಲ.

‘9, 11, 8, 14. ಒಂದೇ ಡಬ್ಬದ ಕ್ಲಿಪ್, ಒಂದೇ ತರ ಬಗ್ಗಿಸಿದ್ದು. ಯಾಕೆ ಬೇರೆ ಬೇರೆ ಬರ್ತಿದೆ?’

ಉತ್ತರ ಬರೆಯುತ್ತಾ ಕೂತಿದ್ದೇನೆ. ಮೂರು ಪುಟ ಆಗಿದೆ.