ಪ್ಯಾರಿಸ್‌ನಲ್ಲಿ ರೈಲು ಬದಲಿಸುವ ಮುನ್ನ

ಲಂಡನ್‌ನಿಂದ ಮಿಲಾನ್‌ಗೆ ರೈಲಿನಲ್ಲಿ ಹೋಗುವವರು ಟಿಕೆಟ್ ದರಕ್ಕಿಂತ ಮೊದಲು ಪ್ಯಾರಿಸ್‌ನ ನಿಲ್ದಾಣಗಳನ್ನು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ. ಲಂಡನ್‌ನಿಂದ ಹೊರಟ ಯೂರೋಸ್ಟಾರ್ ರೈಲು ಬಂದು ನಿಲ್ಲುವುದು ಗಾರ್ ದ್ಯು ನಾರ್‌ನಲ್ಲಿ. ಮಿಲಾನ್‌ನ ನೇರ ರೈಲು ಹೊರಡುವುದು ಗಾರ್ ದ ಲಿಯೋಂನಿಂದ. ಇವೆರಡರ ನಡುವೆ ಆರ್‌ಇಆರ್ ಡಿ ಎಂಬ ಸ್ಥಳೀಯ ರೈಲು ಮಾರ್ಗದಲ್ಲಿ ಬರುವುದು ಶಾತಲೆ ಎಂಬ ಒಂದೇ ನಿಲ್ದಾಣವಾದರೂ, ಸಾಮಾನು ಹೊತ್ತು ಮೆಟ್ಟಿಲು ಹತ್ತಿಳಿಯುವುದನ್ನೂ ಟಿಕೆಟ್ ಯಂತ್ರದ ಮುಂದಿನ ಸಾಲನ್ನೂ ಲೆಕ್ಕಕ್ಕೆ ಹಿಡಿದು ಒಂದೂವರೆ ಗಂಟೆಯನ್ನಾದರೂ ಬಿಟ್ಟುಕೊಳ್ಳುವುದು ಲೇಸು. ಮುಂಗಡವಾಗಿ ಸಿಗುವ ಅಗ್ಗದ ಟಿಕೆಟ್‌ಗಳು ಸಾಮಾನ್ಯವಾಗಿ ಕಾಯ್ದಿರಿಸಿದ ಆ ಒಂದು ರೈಲಿಗೆ ಮಾತ್ರ ಸೀಮಿತ. ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಕೊಳ್ಳುವ ಯೂರೇಲ್ ಪಾಸ್ ಇದ್ದರೂ ಯೂರೋಸ್ಟಾರ್ ಮತ್ತು ಫ್ರಾನ್ಸಿನ ಅತಿವೇಗದ ಟಿಜಿವಿ ರೈಲುಗಳಿಗೆ ಪ್ರತ್ಯೇಕ ಹಣ ತೆತ್ತು ಆಸನ ಕಾಯ್ದಿರಿಸಲೇಬೇಕು. ಪಾಸುದಾರರಿಗೆ ಮೀಸಲಾದ ಆಸನಗಳೋ (ಅವು ಇರುವುದೇ ಕಡಿಮೆ) ಬೇಸಿಗೆಯಲ್ಲಿ ಬೇಗನೆ ಮುಗಿದುಹೋಗುತ್ತವೆ. ಆದ್ದರಿಂದ ಹೋಟೆಲಿಗಿಂತ ಮೊದಲು ಈ ಆಸನಗಳನ್ನು ಖಚಿತಪಡಿಸಿಕೊಳ್ಳಿ.