ಕರಸಾವ್ ರೊಟ್ಟಿಯನ್ನು ನೆನೆಸಿ ತಿನ್ನಿ

ಇಟಲಿಯ ಸಾರ್ಡಿನಿಯಾ ದ್ವೀಪದ ಹೋಟೆಲುಗಳಲ್ಲಿ ಊಟಕ್ಕೆ ಮುಂಚೆ ಬುಟ್ಟಿಯಲ್ಲಿ ತೆಳ್ಳಗಿನ, ಗರಿಗರಿ ರೊಟ್ಟಿ ತಂದಿಡುತ್ತಾರೆ. ಅದೇ ಪಾನೆ ಕರಸಾವ್. ಪ್ರವಾಸಿಗರು ಸುಮ್ನೆ ಮುರಿದು ತಿಂದು, ಇಷ್ಟೇ ಅಂದುಕೊಂಡು ಹೋಗಿಬಿಡುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಇದರ ರುಚಿ ಗೊತ್ತಾಗುವುದೇ ನೆನೆಸಿದಾಗ.

ಸುತ್ತಲೂ ಕಡಲಿದ್ದರೂ ಈ ರೊಟ್ಟಿ ಬೆಳೆದದ್ದು ಒಳನಾಡಿನ ಬೆಟ್ಟಗಳಲ್ಲಿ, ನುಓರೊ ಊರಿನ ಸುತ್ತಲಿನ ಬಾರ್ಬಾಜಾ ಸೀಮೆಯಲ್ಲಿ. ಡ್ಯೂರಮ್ ಎಂಬ ಗಟ್ಟಿ ಗೋಧಿಯ ನಯವಾದ ರವೆ, ನೀರು, ಉಪ್ಪು, ಯೀಸ್ಟ್, ಅಷ್ಟೇ. ಹಿಟ್ಟನ್ನು ತೆಳ್ಳಗೆ, ಅಗಲವಾಗಿ ಲಟ್ಟಿಸಿ ಸೌದೆ ಒಲೆಯೊಳಗೆ ಹಾಕುತ್ತಾರೆ. ಒಲೆ 450 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತದೆ, ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ರೊಟ್ಟಿ ಬುಸ್ಸಂತ ಉಬ್ಬುತ್ತದೆ. ತಕ್ಷಣ ಹೊರತೆಗೆದು, ಬಿಸಿ ಇರುವಾಗಲೇ ಅಂಚಿನಲ್ಲಿ ಚಾಕು ಆಡಿಸಿ ಎರಡು ಹಾಳೆಯಾಗಿ ಬಿಡಿಸಬೇಕು. ಆಮೇಲೆ ಒಂದೊಂದು ಹಾಳೆಯನ್ನೂ ಮತ್ತೆ ಒಲೆಗೆ ಹಾಕಿ ಒಣಗಿಸುತ್ತಾರೆ. ಒಬ್ಬರಿಂದ ಆಗುವ ಕೆಲಸ ಅಲ್ಲ ಇದು. ಹಿಂದೆ ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಸೇರಿ ಮಾಡುತ್ತಿದ್ದರು.

ಇಷ್ಟು ಕಷ್ಟ ಯಾಕೆ ಅಂದರೆ, ಕುರಿ ಕಾಯುವವರು ಮೇವು ಹುಡುಕಿ ತಿಂಗಳುಗಟ್ಟಲೆ ಮನೆ ಬಿಟ್ಟಿರುತ್ತಿದ್ದರು, ಅವರ ಚೀಲದಲ್ಲಿ ಕೆಡದೆ ಉಳಿಯುವ ರೊಟ್ಟಿ ಬೇಕಿತ್ತು. ನಮ್ಮ ಉತ್ತರ ಕರ್ನಾಟಕದ ಕಟಕ್ ರೊಟ್ಟಿ ಇದ್ದ ಹಾಗೆ, ಅಲ್ವಾ?

ನನ್ನ ಮೆಚ್ಚಿನದು ಪಾನೆ ಫ್ರತ್ತಾವ್. ಕುದಿಯುವ ಕುರಿಮಾಂಸದ ಸಾರಿನಲ್ಲಿ ಹಾಳೆಯನ್ನು ಒಂದು ಕ್ಷಣ ಅದ್ದಿ ತಟ್ಟೆಗೆ ಹಾಕುತ್ತಾರೆ, ಮೇಲೆ ಟೊಮ್ಯಾಟೊ ಸಾಸ್, ತುರಿದ ಪೆಕೊರಿನೊ ಎಂಬ ಕುರಿಹಾಲಿನ ಚೀಸ್, ಮತ್ತೆ ಅದ್ದಿದ ಹಾಳೆ, ಮತ್ತೆ ಸಾಸ್, ಹೀಗೆ ಪದರ ಪದರವಾಗಿ ಏರಿಸಿ, ತುದಿಯಲ್ಲಿ ಕುದಿನೀರಿಗೆ ಒಡೆದು ಹಾಕಿ ಬೇಯಿಸಿದ ಮೊಟ್ಟೆ ಕೂರಿಸುತ್ತಾರೆ. ಮೊಟ್ಟೆಯ ಹಳದಿ ಒಡೆದು ಕೆಳಗಿಳಿದಾಗ ರೊಟ್ಟಿ ಮೆತ್ತಗಾಗಿರುತ್ತದೆ, ಆದರೂ ಹಲ್ಲಿಗೆ ಸಿಗುತ್ತದೆ. ಜಾಸ್ತಿ ಹೊತ್ತು ಅದ್ದಿದರೆ ಮುದ್ದೆಯಾಗಿ ಕೆಟ್ಟುಹೋಗುತ್ತದೆ.

ಆಲಿವ್ ಎಣ್ಣೆ ಸವರಿ, ಉಪ್ಪು ಉದುರಿಸಿ ಬಿಸಿ ಮಾಡಿದರೆ ಅದು ಗುತ್ತಿಯಾವ್. ಸಂಜೆ ಹೊತ್ತಿಗೆ ಚೆನ್ನಾಗಿರುತ್ತದೆ.

ಸಸ್ಯಾಹಾರಿಗಳಾಗಿದ್ದರೆ ಹೋಟೆಲಿನಲ್ಲಿ ಮೊದಲೇ ಕೇಳಿಕೊಳ್ಳಿ: ಮಾಂಸದ ಸಾರಿನ ಬದಲು ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದಿಯೂ ಫ್ರತ್ತಾವ್ ಮಾಡುತ್ತಾರೆ. ಚೀಸ್ ಬಗ್ಗೆಯೂ ಕೇಳಿ, ಇಲ್ಲಿನ ಹಳೆಯ ಫಿಯೋರೆ ಸಾರ್ದೊ ಚೀಸಿಗೆ ಹಾಲು ಒಡೆಸಲು ಕುರಿಮರಿ ಅಥವಾ ಆಡಿನ ಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಬರೀ ಕರಸಾವ್‌ಗೆ ಆ ತೊಂದರೆ ಇಲ್ಲ.